ಸಾಯಬಲ್ಲ ಜೀವಕೋಶ

ಸಾವು ಹೊರಗಿನಿಂದ ಬಂದೆರಗುವ ವೈರಿ ಎಂದೇ ನಾವು ನಂಬಿದ್ದೇವೆ. ಅಮೃತಕ್ಕಾಗಿ ಕಡಲು ಕಡೆದ ಕಥೆಯ ಹಿಂದಿರುವುದೂ ಇದೇ ನಂಬಿಕೆ. ಕ್ಯಾನ್ಸರ್ ಕೋಶಗಳ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಆ ಅಧ್ಯಯನಕ್ಕೆ ಬೇಕಾದ ಉಪಾಯ ಸಿಕ್ಕಿದ್ದು ಒಂದು ಹುಳುವಿನಲ್ಲಿ. 1998ರಲ್ಲಿ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಸಂಗಡಿಗರು ಜೋಡಿ ಎಳೆಯ ಆರ್‌ಎನ್‌ಎಯನ್ನು ಮಿಲಿಮೀಟರಿನಷ್ಟು ಉದ್ದದ ಹುಳುವಿಗೆ ಚುಚ್ಚಿ, ಸ್ನಾಯುವಿನ ಒಂದು ವಂಶವಾಹಿಯನ್ನು ಸುಮ್ಮನಾಗಿಸಿದರು. ಹುಟ್ಟಿದ ಮರಿಗಳು ಅದುರತೊಡಗಿದವು. ವಂಶವಾಹಿ ಇದ್ದಲ್ಲೇ ಇರುತ್ತದೆ, ಅದು ಕಳಿಸಿದ ಸಂದೇಶವನ್ನು ಮಾತ್ರ ಕೋಶವೇ ತುಂಡರಿಸುತ್ತದೆ. 2002ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಉಪಾಯವನ್ನು ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ಪ್ರಯೋಗಿಸಿದರು. ಅಲ್ಲಿ ಪ್ಯಾಪಿಲೋಮ ವೈರಸ್ಸಿನ ಇ6, ಇ7 ವಂಶವಾಹಿಗಳು ಬೀಡುಬಿಟ್ಟಿರುತ್ತವೆ. ಹಾಳಾದ ಕೋಶವನ್ನು ತಡೆದು ನಿಲ್ಲಿಸುವ ನಮ್ಮದೇ ಪಿ53 ಪ್ರೊಟೀನನ್ನು ಇ6 ನಾಶಮಾಡುತ್ತಿರುತ್ತದೆ. ಇ6 ಸುಮ್ಮನಾದಾಗ ಪಿ53 ಮತ್ತೆ ಶೇಖರವಾಯಿತು, ಬೆಳವಣಿಗೆ ಕುಗ್ಗಿತು. ಇ7 ಸುಮ್ಮನಾದಾಗ ಕೋಶಗಳು ತಾವಾಗಿ ಸತ್ತವು. ಅವಕ್ಕೆ ಯಾರೂ ವಿಷ ಹಾಕಿರಲಿಲ್ಲ. ಅದುಮಿಟ್ಟಿದ್ದ ಶಕ್ತಿಯೊಂದು ಎದ್ದಿತ್ತು, ಅಷ್ಟೇ. ಮೊದಲು ಹೇಳಿದ ಜಾತಿಯ ಆರೋಗ್ಯವಂತ ಹುಳುವಿನಲ್ಲೂ ಹುಟ್ಟುವ 1,090 ಕೋಶಗಳ ಪೈಕಿ 131 ಹೀಗೆಯೇ ಸಾಯುತ್ತವೆ, ಆ ಸಾವಿಗೆಂದೇ ವಂಶವಾಹಿಗಳಿವೆ. ಸಾವು ಜೀವದ ಅಭಾವವಲ್ಲ, ಜೀವದ ಒಂದು ಸಾಮರ್ಥ್ಯ ಎಂದು ನಾನು ವಾದಿಸುವುದು ಇದರಿಂದಲೇ.

ಹೊರಗಿನಿಂದ ಹೋದ ಆರ್‌ಎನ್‌ಎಯೇ ಕೋಶವನ್ನು ಕೊಂದಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ. ಒಂದು ಇದ್ದಾಗ ಇನ್ನೊಂದಿದ್ದು, ಅದಿಲ್ಲದಾಗ ಇದೂ ಇಲ್ಲದಿದ್ದರೆ ಮಾತ್ರ ಕಾರಣವೆನ್ನಬೇಕು ಎಂಬ ಅನ್ವಯ-ವ್ಯತಿರೇಕದ ನಿಯಮವನ್ನು ನಮ್ಮ ತಾರ್ಕಿಕರು ಕಟ್ಟಿದ್ದು ಇಂಥ ಅನುಮಾನಕ್ಕಾಗಿಯೇ. ವೈರಸ್ಸಿಲ್ಲದ ಕೋಶಗಳಿಗೂ ಅದೇ ಆರ್‌ಎನ್‌ಎ ಕೊಟ್ಟು ನೋಡಿದರು; ಅವಕ್ಕೆ ಏನೂ ಆದಂತೆ ಕಾಣಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರದ್ದು. ಕೋಶ ಸಾಯುವುದು ದೇಹಕ್ಕಾಗಿ. ಮನುಷ್ಯನೂ ಸಮಾಜಕ್ಕಾಗಿ ಸಾಯಲಿ ಎಂದು ನಾಳೆ ಯಾರಾದರೂ ಹೇಳಿದರೆ? ಆ ಹೋಲಿಕೆಯನ್ನು ನಾನು ಖಡಾಖಂಡಿತವಾಗಿ ನಿರಾಕರಿಸುತ್ತೇನೆ. ಮನುಷ್ಯ ಯಾವುದರ ಕೋಶವೂ ಅಲ್ಲ. ಅವನಿಗೆ ನೋವಿದೆ, ತನ್ನದೇ ಗುರಿಯಿದೆ. ಆ ಕ್ಯಾನ್ಸರ್ ಕೋಶ ಸಾಯಲೆಂದು ನಾವು ಹಾರೈಸುವುದೇ ಅದರಿಂದ ಹಾಸಿಗೆ ಹಿಡಿದ ಹೆಂಗಸು ಬದುಕಲೆಂದು. ನನ್ನ ತಕರಾರಿರುವುದು ಅಮರತ್ವದ ಆದರ್ಶದ ಬಗ್ಗೆ ಮಾತ್ರ. ಕೊನೆಯಿಲ್ಲದೆ ಉಳಿಯುವುದೇ ಪರಮಪದವಾದರೆ, ನಮ್ಮ ದೇಹದಲ್ಲಿ ಅದರ ಹತ್ತಿರ ಹೋಗಿರುವುದು ಕ್ಯಾನ್ಸರ್ ಕೋಶ. ಅದ್ವೈತಿಗಳು ಮೋಕ್ಷವನ್ನು ದೇಹದ ಮುಂದುವರಿಕೆಯೊಂದಿಗೆ ಬೆರೆಸದೆ ದೂರವಿಟ್ಟದ್ದು ಎಷ್ಟು ವಿವೇಕದ ನಡೆ ಎಂಬುದು ಈ ಪ್ರಯೋಗಗಳನ್ನು ಓದಿದ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಗಿದೆ.