ರೋಗಿಯ ಸಿಟ್ಟು ಮತ್ತು ನಮ್ಮ ಹೊಣೆ

ಹೆತ್ತ ತಾಯಿಯ ಮೇಲೆ ಮಗ ಕೈ ಎತ್ತಿದರೆ ನಾವು ಅದನ್ನು ಮಹಾಪಾಪವೆನ್ನುತ್ತೇವೆ. ಆ ಮಗ ತೀವ್ರ ಮನೋರೋಗಿಯಾಗಿದ್ದರೆ? ಆ ಹೊಡೆತದ ಲೆಕ್ಕ ಯಾರ ಖಾತೆಗೆ ಸೇರುತ್ತದೆ? ನಿಮ್ಮ ಮನೆಯಲ್ಲಿ ಅಂಥ ಮಗನೋ ಸೋದರಿಯೋ ಇದ್ದರೆ ಈ ಪ್ರಶ್ನೆ ನಿಮಗೆ ಹೊಸದಲ್ಲ.

ನಿದ್ರೆಯಲ್ಲಿರುವವನು, ಪ್ರಾಯಕ್ಕೆ ಬಾರದ ಮಗು, ಬುದ್ಧಿ ಕಳೆದುಕೊಂಡವನು - ಈ ಮೂವರ ಪಾಪಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆಯೆಂಬುದು ಪ್ರವಾದಿವರ್ಯರ(ಸ) ಬೋಧನೆ. ಬುದ್ಧಿ ಸ್ಥಿಮಿತದಲ್ಲಿಲ್ಲದ ಹೊತ್ತಿನ ಹೊಡೆತಕ್ಕೆ ರೋಗಿ ಪಾಪಿಯಾಗುವುದಿಲ್ಲ. ಆದರೆ ಅವನ ಮೇಲಿನಿಂದ ಎದ್ದ ಲೇಖನಿ ನಮ್ಮ ಮೇಲಿನಿಂದ ಎದ್ದಿಲ್ಲ. ಅವನನ್ನು ನಾವು ಹೇಗೆ ನಡೆಸಿಕೊಂಡೆವೆಂಬುದು ಬರೆಯಲ್ಪಡುತ್ತಲೇ ಇದೆ.

ಮೊದಲು ಆ ಸಿಟ್ಟನ್ನು ಅರ್ಥ ಮಾಡಿಕೊಳ್ಳಿ. ಸ್ಕಿಜೋಫ್ರೇನಿಯಾ ರೋಗಿಗೆ ಅನ್ನದಲ್ಲಿ ವಿಷ ಬೆರೆಸಿದ್ದಾರೆಂದು ಖಚಿತವಾಗಿ ಅನಿಸಬಹುದು. ಹೊಡೆಯೆಂದು ಆಜ್ಞಾಪಿಸುವ ಧ್ವನಿಗಳು ಕೇಳಿಸಬಹುದು. ನಮಗೆ ಆಕ್ರಮಣವಾಗಿ ಕಾಣುವುದು ಅವನಿಗೆ ಆತ್ಮರಕ್ಷಣೆ. ಮನೋರೋಗಿಗಳಲ್ಲಿ ಹೆಚ್ಚಿನವರು ಯಾರಿಗೂ ಹೊಡೆಯುವವರಲ್ಲ, ಪೆಟ್ಟು ತಿನ್ನುವವರು. ಔಷಧ ನಿಂತಾಗ, ಮದ್ಯವೋ ಗಾಂಜಾವೋ ಜೊತೆಗೂಡಿದಾಗ ಅಪಾಯ ಹೆಚ್ಚುತ್ತದೆ.

ಅರ್ಥ ಮಾಡಿಕೊಳ್ಳದವರ ಕೈಗೆ ಸಿಗುವುದು ಸರಪಳಿ. 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯ ದರ್ಗಾದ ಸಮೀಪದ ಖಾಸಗಿ ಆಶ್ರಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾರದೆ ಉರಿದುಹೋದರು. ಸತ್ತವರು 28 ಮಂದಿ. ಗುಣವಾಗಲೆಂದು ಹಾರೈಸಿ ಅವರನ್ನು ಅಲ್ಲಿ ಬಿಟ್ಟುಬಂದ ಬಂಧುಗಳು ಕಟುಕರೇನಲ್ಲ, ದಾರಿ ಕಾಣದವರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ.

ಹಾಗಾದರೆ ಮಾಡಬೇಕಾದುದೇನು? ಅವನು ಕೆರಳಿದಾಗ ವಾದಿಸಬೇಡಿ, ಸುತ್ತುವರಿಯಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ತಗ್ಗಿದ ಸ್ವರದಲ್ಲಿ ಒಬ್ಬರೇ ಮಾತಾಡಿ. ಕತ್ತಿ, ಕೊಡಲಿಗಳನ್ನು ಮೊದಲೇ ದೂರವಿಡಿ. ಸಬ್ರ್ ಎಂದರೆ ಪೆಟ್ಟು ತಿನ್ನುತ್ತಾ ಕೂರುವುದಲ್ಲ. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ ನೆರವು ಕೇಳುವುದು ತಪ್ಪಲ್ಲ. ಬಳಿಕ ವೈದ್ಯರ ಬಳಿಗೆ ಕರೆದೊಯ್ಯಿರಿ. ಜ್ವರ, ತಲೆಯ ಪೆಟ್ಟುಗಳಿಂದಲೂ ಹೀಗಾಗುವುದುಂಟು. ಅದನ್ನು ಪರೀಕ್ಷಿಸಬೇಕಾದವರು ಅವರು. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾದಲ್ಲಿ ಕ್ಲೋಜಪಿನ್ ಎಂಬ ಮಾತ್ರೆ ಆಕ್ರಮಣವನ್ನೂ ತಗ್ಗಿಸಬಲ್ಲದು. ಅದಕ್ಕೆ ನಿಯಮಿತ ರಕ್ತಪರೀಕ್ಷೆ ಅಗತ್ಯ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತ ಸಲಹೆ ಸಿಗುತ್ತದೆ.

ಜಿನ್ನ್ ಬಾಧೆಯೆಂದು ತಿಳಿದು ಕೆಲವರು ಮಾತ್ರೆ ನಿಲ್ಲಿಸುತ್ತಾರೆ. ಕುರ್‌ಆನ್ ಓದಿ, ದುಆ ಮಾಡಿ. ಆದರೆ ಚಿಕಿತ್ಸೆ ಪಡೆಯಿರೆಂದು ಕಲಿಸಿದವರೂ ಪ್ರವಾದಿವರ್ಯರೇ(ಸ) ಎಂಬುದನ್ನು ಮರೆಯಬೇಡಿ. ಒಂದು ಕೈಯಲ್ಲಿ ದುಆ, ಇನ್ನೊಂದರಲ್ಲಿ ಔಷಧ - ಇವೆರಡಕ್ಕೆ ಜಗಳವಿಲ್ಲ.

ತಮ್ಮ ಸೊತ್ತನ್ನು ನಿಭಾಯಿಸಲಾರದವರ ಬಗ್ಗೆ ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ಹೇಳುವಾಗ, ಅನ್ನ ಬಟ್ಟೆಗಳ ಜೊತೆಗೆ ಒಳ್ಳೆಯ ಮಾತನ್ನೂ ಅವರ ಹಕ್ಕಾಗಿಸಿದ್ದಾನೆ. ನಾವು ಅನ್ನ ಕೊಡುತ್ತೇವೆ, ಬಟ್ಟೆ ಕೊಡುತ್ತೇವೆ. ಮಾತನ್ನು ಮಾತ್ರ ಮರೆಯುತ್ತೇವೆ. "ಹುಚ್ಚ" ಎಂದು ಅವನಿಗೆ ಕೇಳುವಂತೆ ಕರೆಯುತ್ತೇವೆ. ಅವನ ಹೊಡೆತ ಬರೆಯಲ್ಪಡದಿರಬಹುದು, ನಮ್ಮ ಆ ಒಂದು ಪದ ಬರೆಯಲ್ಪಡುತ್ತದೆ.

ಅಂಥ ಮನೆಗಳಿಗೆ ಅಲ್ಲಾಹನು ಸಹನೆಯನ್ನೂ ರೋಗಿಗಳಿಗೆ ಶಮನವನ್ನೂ ಕರುಣಿಸಲಿ. ಆಮೀನ್.