ಕರುಣೆಗೂ ಪರೀಕ್ಷೆ ಬೇಕೆ?

ಮನೆಯಲ್ಲಿ ಯಾರಾದರೂ ಪ್ರಜ್ಞೆ ತಪ್ಪಿ ಮಲಗಿದರೆ ನಮ್ಮ ಬಾಯಿಂದ ಬರುವ ಮೊದಲ ಮಾತು, "ಏನಾದರೂ ಮಾಡಿ ಡಾಕ್ಟ್ರೇ!" ಸುಮ್ಮನೆ ಕೂರುವುದು ಪಾಪವೆಂದೇ ನಮಗೆ ಅನ್ನಿಸುತ್ತದೆ. ಆದರೆ ಮಾಡಿದ್ದೆಲ್ಲವೂ ಉಪಕಾರವೇ?

ಮಿದುಳು ನಮ್ಮ ಮೈತೂಕದ ನೂರಕ್ಕೆ 2 ಪಾಲು. ಅದು ಬಳಸುವ ಆಮ್ಲಜನಕ ಮಾತ್ರ ನೂರಕ್ಕೆ 20 ಪಾಲು. ರಕ್ತದ ಹರಿವು ಕುಗ್ಗಿದರೆ ಬೇಗ ಬಾಡುವುದು ಅದೇ. ಥಯೋಪೆಂಟಾಲ್ ಎಂಬ ಮಂಪರಿನ ಔಷಧ ಮಿದುಳಿನ ಕೆಲಸವನ್ನೂ ಅದರ ಹಸಿವನ್ನೂ ತಗ್ಗಿಸುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದ ದಿನ ನಾವು ಬಟ್ಟೆ ಒಗೆಯುವುದನ್ನು ನಾಳೆಗೆ ಇಡುತ್ತೇವಲ್ಲ, ಹಾಗೆ. 1978ರಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗ ಈ ಆಸೆಯನ್ನು ಇನ್ನಷ್ಟು ಬೆಳೆಸಿತು.

ಆ ಪ್ರಯೋಗ ನಡೆಸಿದವರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ವೈದ್ಯ ಪೀಟರ್ ಸಫಾರ್ ಒಬ್ಬರು. ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆಯೊತ್ತಿ ಜೀವ ಉಳಿಸುವ ಕ್ರಮವನ್ನು ರೂಪಿಸಿದವರಲ್ಲೂ ಅವರ ಹೆಸರು ದೊಡ್ಡದು. 1966ರಲ್ಲಿ ಅವರ ಮಗಳು ಎಲಿಜಬೆತ್ ಉಬ್ಬಸದ ಹೊಡೆತಕ್ಕೆ ಸಿಕ್ಕಿದಳು. ಹೃದಯ ಮತ್ತೆ ಬಡಿಯಿತು, ಮಿದುಳು ಚೇತರಿಸಲಿಲ್ಲ; ಮಗಳು ಉಳಿಯಲಿಲ್ಲ.

ಇಂಥ ತಂದೆಗೆ ಈ ಔಷಧ ಫಲಿಸಲೆಂಬ ಆಸೆ ಎಷ್ಟಿದ್ದಿರಬೇಕು! ಆದರೂ ಅವರೂ ಸಂಗಡಿಗರೂ ಅದನ್ನು ಎಲ್ಲರಿಗೂ ಕೊಟ್ಟುಬಿಡಲಿಲ್ಲ. ಹೃದಯ ನಿಂತು ಮರಳಿ ಬಡಿದರೂ ಎಚ್ಚರವಾಗದಿದ್ದ 262 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಥಯೋಪೆಂಟಾಲ್, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಕೇಳಿದರೆ ಕರುಳು ಚುರುಕ್ಕೆನ್ನುತ್ತದೆ. ಕೈಯಲ್ಲಿ ಔಷಧವಿದ್ದೂ ಅರ್ಧ ಜನಕ್ಕೆ ಕೊಡದಿರುವುದು ಯಾವ ನ್ಯಾಯ?

1986ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ 77 ಮಂದಿ, ಪಡೆಯದವರಲ್ಲಿ 80 ಮಂದಿ ತೀರಿಕೊಂಡಿದ್ದರು. ಇಷ್ಟು ಸಣ್ಣ ಅಂತರವನ್ನು ಔಷಧದ ಗುಣವೆಂದು ಹೇಳುವಂತಿರಲಿಲ್ಲ. ಹೃದಯ ನಿಂತ ಅರ್ಧ ನಿಮಿಷದೊಳಗೆ ಮಿದುಳಿನ ವಿದ್ಯುತ್ ಚಟುವಟಿಕೆ ತಾನಾಗಿಯೇ ಅಡಗಿಬಿಡುತ್ತದೆ. ಆಗಲೇ ಕೆಲಸ ನಿಂತ ಮನೆಯಲ್ಲಿ ಇನ್ನು ಯಾವ ಕೆಲಸ ತಗ್ಗಿಸುವುದು? ಮೇಲಾಗಿ ಈ ಔಷಧ ರಕ್ತದೊತ್ತಡವನ್ನೂ ಇಳಿಸಬಲ್ಲದು.

ಕನಿಕರದಿಂದ ಎಲ್ಲರಿಗೂ ಕೊಟ್ಟಿದ್ದರೆ ಏನಾಗುತ್ತಿತ್ತು? ಬದುಕಿದವರನ್ನು ಔಷಧದ ಲೆಕ್ಕಕ್ಕೆ, ಸತ್ತವರನ್ನು ಹಣೆಬರಹದ ಲೆಕ್ಕಕ್ಕೆ ಬರೆದು ನಾವು ಸಮಾಧಾನಪಡುತ್ತಿದ್ದೆವು. ಔಷಧ ಸಿಗದವರಿಗೆ ಅನ್ಯಾಯವಾಯಿತೆಂದು ನನಗೀಗ ಅನ್ನಿಸುವುದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಆಗ ಯಾರಿಗೂ ಗೊತ್ತಿರಲಿಲ್ಲ. ತಿಳಿದದ್ದು ಎರಡೂ ಗುಂಪಿನವರಿಂದ.

"ಏನಾದರೂ ಮಾಡಿ" ಎನ್ನುವಾಗ ನಮ್ಮ ಸಂಕಟವೂ ಅದರಲ್ಲಿ ಸೇರಿರುತ್ತದೆ. ಅದು ತಪ್ಪಲ್ಲ. ಆದರೆ "ಇದರಿಂದ ಇವರಿಗೆ ಒಳ್ಳೆಯದಾಗುವುದೇ?" ಎಂದೂ ಕೇಳೋಣ. ಹಾಸಿಗೆಯಲ್ಲಿ ಮಲಗಿರುವವರು ಅದನ್ನು ಕೇಳಲಾರರು.