ಸಾವಯವ ಆಹಾರ: ದೇಹರಕ್ಷಣೆಯೋ, ಜೀವದಯೆಯೋ?

ಆಹಾರಶುದ್ಧಿಯ ವಿಚಾರ ಜೈನ ಗೃಹಸ್ಥನಿಗೆ ಹೊಸದಲ್ಲ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಧಾನ್ಯವನ್ನು ಕಣ್ಣಿಟ್ಟು ಆರಿಸಿ ಹಸನು ಮಾಡುವುದು, ಇವೆಲ್ಲ ತಲೆಮಾರುಗಳಿಂದ ನಡೆದುಬಂದ ಆಚಾರಗಳು. ಈಚೆಗೆ ಇವುಗಳ ಸಾಲಿಗೆ ‘ಸಾವಯವ’ ಎಂಬ ಪದವೂ ಸೇರಿಕೊಂಡಿದೆ. ರಾಸಾಯನಿಕ ಗೊಬ್ಬರ ಹಾಗೂ ಕೃತಕ ಕೀಟನಾಶಕಗಳಿಲ್ಲದೆ ಬೆಳೆದ ಅಕ್ಕಿ, ಬೇಳೆ, ಬೆಲ್ಲಗಳಿಗೆ ಹೆಚ್ಚು ಬೆಲೆ ತೆರಲು ಅನೇಕರು ಸಿದ್ಧರಿದ್ದಾರೆ. ಏತಕ್ಕಾಗಿ ತೆರುತ್ತಾರೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವ್ಯಾಪಾರದ್ದು. ಒಳಹೊಕ್ಕು ನೋಡಿದರೆ ಧರ್ಮದ್ದು.

ಕೊಳ್ಳುವವರನ್ನು ಕೇಳಿದರೆ ಸಾಮಾನ್ಯವಾಗಿ ಮೊದಲು ಬರುವ ಉತ್ತರ ಆರೋಗ್ಯ. ಮಕ್ಕಳ ಕ್ಷೇಮ ಹಾಗೂ ರುಚಿ ಆನಂತರದವು. ಮಣ್ಣು, ನೀರು, ರೈತ, ಕ್ರಿಮಿಕೀಟಗಳ ಪ್ರಸ್ತಾಪ ಬಂದರೆ ಕಡೆಯಲ್ಲಿ ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಾವಯವ ಆಹಾರ ಪೋಷಕಾಂಶಗಳಲ್ಲಿ ಗಣನೀಯವಾಗಿ ಮೇಲೆಂಬುದಕ್ಕೆ ಬಲವಾದ ಆಧಾರ ದೊರೆಯಲಿಲ್ಲ. ಕೀಟನಾಶಕದ ಶೇಷ ಮಾತ್ರ ಅದರಲ್ಲಿ ಕಂಡುಬರುವುದು ಕಡಿಮೆಯೆಂದು ತಿಳಿಯಿತು. ಆದುದರಿಂದ ಆರೋಗ್ಯದ ಕಾರಣ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ದೇಹವು ಧರ್ಮಸಾಧನೆಯ ಉಪಕರಣ. ಅದನ್ನು ಕಾಪಾಡಿಕೊಳ್ಳುವುದರಲ್ಲಿ ದೋಷವಿಲ್ಲ. ವಿಚಾರವು ಅಲ್ಲಿಗೇ ನಿಂತುಬಿಡುವುದು ದೋಷ.

ಏಕೆಂದರೆ ತಟ್ಟೆಗೆ ಬರುವುದು ವಿಷದ ಶೇಷ ಮಾತ್ರ. ಅದರ ಬಹುಭಾಗ ಬೆಳೆದಲ್ಲೇ ಉಳಿಯುತ್ತದೆ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ಭಾಗಗಳಲ್ಲಿಯೂ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿ ಗೇರನ್ನು ಕಾಡುವ ಒಂದು ಕೀಟ. ವಿಷವು ಬಿದ್ದದ್ದು ಬಾವಿ, ತೊರೆ, ಜೇನು, ದನಕರು, ಶಾಲೆಗೆ ನಡೆದುಹೋಗುವ ಮಕ್ಕಳ ಮೇಲೆ. ಅಂಗವಿಕಲರಾದ ಮಕ್ಕಳ ಹಾಗೂ ಅವರನ್ನು ಎತ್ತಿ ಸಾಕುವ ತಾಯಂದಿರ ಸಂಕಟ ನಾಡಿಗೆ ತಿಳಿಯುವ ವೇಳೆಗೆ ಬಹುಕಾಲ ಕಳೆದಿತ್ತು. ಸಿಂಪಡಣೆ 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ನಿಷೇಧಿಸಿತು. ಆ ಗೋಡಂಬಿಯನ್ನು ದೂರದ ನಗರಗಳಲ್ಲಿ ಮೆದ್ದವರು ಆರೋಗ್ಯವಾಗಿಯೇ ಇದ್ದಿರಬಹುದು. ತನ್ನ ದೇಹವೊಂದನ್ನೇ ಅಳತೆಗೋಲಾಗಿ ಹಿಡಿದ ಗ್ರಾಹಕನಿಗೆ ಇಲ್ಲಿ ಯಾವ ತಪ್ಪೂ ಕಾಣಿಸದು.

ಶ್ರಾವಕನ ಅಳತೆಗೋಲು ಬೇರೆ. ತತ್ತ್ವಾರ್ಥಸೂತ್ರವು ಕರ್ಮಾಸ್ರವಕ್ಕೆ ಕಾರಣವಾಗುವ ಭೇದಗಳನ್ನು 108 ಎಂದು ಎಣಿಸುವಾಗ ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಸೇರಿಸುತ್ತದೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದುದನ್ನು ಒಪ್ಪಿಕೊಂಡದ್ದು, ಮೂರೂ ಬಂಧಕ್ಕೆ ಕಾರಣ. ವಿಷ ಸಿಂಪಡಿಸಿದವನು ಕೂಲಿಕಾರ; ಆ ಬೆಳೆಗೆ ಬೇಡಿಕೆ ಇಟ್ಟವನು ಗ್ರಾಹಕ. ಕೊಟ್ಟ ಹಣವೇ ಅನುಮೋದನೆಯಾಗಬಲ್ಲದು. ಭಗವಾನ್ ವೃಷಭದೇವರು ಉಪದೇಶಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಸೇರಿದೆ. ಅದರಲ್ಲಿ ಒದಗುವ ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವೆಂದು ಒಪ್ಪಲಾಗಿದೆ. ಆದರೆ ಅನಿವಾರ್ಯವಾದುದನ್ನು ಅಲ್ಪಗೊಳಿಸುವುದೇ ಅಣುವ್ರತದ ಅರ್ಥ.

ಹಾಗೆಂದು ‘ಸಾವಯವ’ ಎಂಬ ಮುದ್ರೆ ಬಿದ್ದೊಡನೆ ಆಹಾರ ಅಹಿಂಸಕವಾಗಿಬಿಡುವುದಿಲ್ಲ. ಅಲ್ಲಿಯೂ ನೇಗಿಲು ಮಣ್ಣನ್ನು ಸೀಳುತ್ತದೆ. ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ದ್ರಾವಣಕ್ಕೂ, ಮೂಳೆಪುಡಿ, ಮೀನಿನ ಗೊಬ್ಬರಗಳಿಗೂ ಸಾವಯವ ಪದ್ಧತಿಯಲ್ಲಿ ಅವಕಾಶವುಂಟು. ಸಾವಯವ ಆಲೂಗಡ್ಡೆಯೂ ಅನಂತಕಾಯವೇ. ಆದುದರಿಂದ ಚೀಟಿಯನ್ನು ಓದುವುದು ಸಾಲದು. ಯಾವ ಗೊಬ್ಬರ, ಯಾವ ಔಷಧಿ ಎಂದು ಬೆಳೆದವನನ್ನು ವಿಚಾರಿಸುವುದು ವಿವೇಕ. ಇನ್ನು, ದುಬಾರಿ ಪೊಟ್ಟಣವನ್ನು ಪ್ರತಿಷ್ಠೆಗಾಗಿ ಕೊಳ್ಳುವುದಾದರೆ ವಿಷ ತಪ್ಪಿ ಮಾನಕಷಾಯ ಬೆಳೆದಂತಾಯಿತು.

ಮಾರುವವನ ಹೊಣೆಯೂ ಇಲ್ಲಿ ಸಣ್ಣದಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಕೀಳು ಸರಕನ್ನು ಮೇಲುಸರಕೆಂದು ತೋರಿಸಿ ಮಾರುವುದು ಅದರ ಲಕ್ಷಣ. ಸಾಧಾರಣ ಅಕ್ಕಿಯನ್ನೂ ಸಾವಯವ ಅಕ್ಕಿಯನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಗ್ರಾಹಕನು ನಂಬಿಕೆಯ ಮೇಲೆಯೇ ಹಣ ಕೊಡುತ್ತಾನೆ. 2017ರಲ್ಲಿ ರೂಪುಗೊಂಡ ಸರ್ಕಾರದ ನಿಯಮಗಳೂ ‘ಜೈವಿಕ್ ಭಾರತ್’ ಮುದ್ರೆಯೂ ಈ ನಂಬಿಕೆಯ ರಕ್ಷಣೆಗಾಗಿಯೇ ಬಂದವು. ಆದರೆ ಅಂಗಡಿಯ ಹಿಂಬದಿಯಲ್ಲಿ ಚೀಲ ಬದಲಾಗುವುದನ್ನು ತಡೆಯಬಲ್ಲುದು ವ್ಯಾಪಾರಿಯ ವ್ರತವೇ ಹೊರತು ಮುದ್ರೆಯಲ್ಲ.

ರೈತನ ಲೆಕ್ಕವನ್ನೂ ನೋಡಬೇಕು. ರಾಸಾಯನಿಕ ಬಿಟ್ಟ ಭೂಮಿಗೆ ಸಾವಯವ ದೃಢೀಕರಣ ದೊರೆಯಲು ಸಾಮಾನ್ಯವಾಗಿ 2ರಿಂದ 3 ವರ್ಷಗಳ ಪರಿವರ್ತನೆಯ ಅವಧಿ ಬೇಕು. ಆ ಅವಧಿಯಲ್ಲಿ ಇಳುವರಿ ಕುಗ್ಗಬಹುದು. ಸಾವಯವದ ಬೆಲೆಯೂ ಕೈಸೇರದು. ಜೀವದಯೆಯ ಖರ್ಚನ್ನು ಆತನೊಬ್ಬನೇ ಹೊರುತ್ತಾನೆ. ಚೌಕಾಶಿ ಮಾಡಿ ಕೊಳ್ಳುವ ಗ್ರಾಹಕ ಇದನ್ನು ಯೋಚಿಸುವುದಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳು ಇಲ್ಲಿ ನೆರವಾಗಬಲ್ಲವು. ಅಷ್ಟದ್ರವ್ಯ ಪೂಜೆಯ ಅಕ್ಷತೆಗೆ, ಅಭಿಷೇಕದ ಎಳನೀರಿಗೆ, ಪರ್ವದಿನಗಳ ಸಾಮೂಹಿಕ ಭೋಜನಕ್ಕೆ ಪ್ರತಿವರ್ಷ ಎಷ್ಟು ಬೇಕೆಂಬುದು ಲೆಕ್ಕಪುಸ್ತಕದಲ್ಲಿಯೇ ಇದೆ. ಸುತ್ತಲಿನ ಕೆಲವು ರೈತರೊಡನೆ ಬಿತ್ತನೆಗೆ ಮುನ್ನವೇ ಬೆಲೆ ಗೊತ್ತುಮಾಡಿ, ಪರಿವರ್ತನೆಯ ವರ್ಷಗಳಲ್ಲಿಯೂ ಅದೇ ಬೆಲೆ ಕೊಟ್ಟು, ಮೂಳೆಪುಡಿ ಬಳಸಬಾರದೆಂಬ ನಿಬಂಧನೆ ಹಾಕಿದರೆ, ಆ ಹಣ ಜೀವದಯೆಯ ಖಾತೆಗೆ ಸಲ್ಲುತ್ತದೆ. ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಾಗಿಲ್ಲ. ಅಕ್ಕಿಯಿಂದ ಪ್ರಾರಂಭಿಸಿದರೂ ಸಾಕು.

ತನ್ನ ದೇಹಕ್ಕೆ ಹೆದರಿ ಸಾವಯವವನ್ನು ಕೊಳ್ಳಲಾರಂಭಿಸಿದವನನ್ನು ಹಳಿಯಬೇಕಾಗಿಲ್ಲ. ತನಗೆ ವಿಷ ಬೇಡವೆಂದು ಅರಿತವನಿಗೆ, ಬೇರೆ ಜೀವಕ್ಕೂ ಅದು ಬೇಡವೆಂದು ಅರಿಯುವುದು ದೂರದ ಹಾದಿಯಲ್ಲ. ಆ ಹಾದಿಯನ್ನು ನಡೆದು ಮುಗಿಸುವುದೇ ಶ್ರಾವಕಧರ್ಮ.